ಹಲಸಿನ ತೂಕ, ತೊಳೆಯ ತೂಕ



ದತ್ತಿ ಉಪನ್ಯಾಸ ಎಂದರೆ ವಚನವೋ ದಾಸರ ಪದವೋ ಇರುತ್ತದೆ ಎಂದುಕೊಂಡು ಬಂದವರಲ್ಲಿ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಸಾಹಿತ್ಯದವನಲ್ಲ. ಬ್ಯಾಂಕಿನಲ್ಲಿ ಮನೆಸಾಲದ ಕಡತಗಳ ನಡುವೆ ಕೂದಲು ಹಣ್ಣಾದವನು. ಈ ದತ್ತಿ ಇಟ್ಟ ಹಿರಿಯರ ಮಗ ಫೋನು ಮಾಡಿ, “ಅಪ್ಪನಿಗೆ ಲೆಕ್ಕ ಅಂದ್ರೆ ಪ್ರಾಣ ಸರ್, ನಿಮಗೆ ಗೊತ್ತಿರೋ ಲೆಕ್ಕವನ್ನೇ ಹೇಳಿ” ಎಂದರು. ಹಾಗಾಗಿ ಈ ಸಂಜೆ ಚದರಡಿಯ ಲೆಕ್ಕ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯಲ್ಲಿ ಮನೆ ಕೊಂಡ, ಕೊಳ್ಳುತ್ತಿರುವ, ಈಗ ಹಳೆಯದನ್ನು ಕೆಡವಿ ಹೊಸದಕ್ಕೆ ಸಹಿ ಹಾಕಲು ಹೊರಟಿರುವ ನಮ್ಮ ಜನರಿಗೆ ತಟ್ಟುವ ಲೆಕ್ಕ.

ಊರಲ್ಲಿ ಹಲಸಿನ ಹಣ್ಣನ್ನು ಯಾರೂ ತೂಗಿ ಕೊಳ್ಳುತ್ತಿರಲಿಲ್ಲ. ಇಲ್ಲಿ ಮಾರ್ಕೆಟಿನಲ್ಲಿ ತೂಗುತ್ತಾರೆ. ಎಂಟು ಕಿಲೋ ಹಣ್ಣು ಹೊತ್ತು ತಂದು ಕೊಯ್ದರೆ ಮುಳ್ಳುಸಿಪ್ಪೆ ಒಂದು ಬುಟ್ಟಿ, ನಡುವಿನ ದಿಂಡು, ಕೈಗೆಲ್ಲ ಮೇಣ. ಪಾತ್ರೆಗೆ ಬೀಳುವ ತೊಳೆ ಮೂರು ಕಿಲೋ ಆದರೆ ಪುಣ್ಯ. ಮಾರಿದವನು ಮೋಸ ಮಾಡಿದ ಎನ್ನುವಂತಿಲ್ಲ, ತಕ್ಕಡಿ ಸರಿಯಾಗಿಯೇ ಇತ್ತು. ಆದರೆ ಅವನು ತೂಗಿದ್ದು ಹಣ್ಣನ್ನು, ನಾನು ಮನಸ್ಸಿನಲ್ಲಿ ತೂಗಿಕೊಂಡಿದ್ದು ತೊಳೆಯನ್ನು. ಫ್ಲಾಟಿನ ವ್ಯಾಪಾರದಲ್ಲಿ ನಾನು ಕಂಡ ಜಗಳಗಳಲ್ಲಿ ಮುಕ್ಕಾಲು ಪಾಲು ಇಷ್ಟೇ.

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. 1994ರಲ್ಲಿ ಡೊಂಬಿವಲಿ ಪೂರ್ವದಲ್ಲಿ ಒಂದು ಒನ್ ಬಿಎಚ್‌ಕೆ ನೋಡಿದೆ. ದಲಾಲ “ಐನೂರ ತೊಂಬತ್ತು ಚದರಡಿ” ಎಂದ. ಚದರಡಿಗೆ 700 ರೂಪಾಯಿ, ಒಟ್ಟು 4 ಲಕ್ಷ 13 ಸಾವಿರ. ಅಲ್ಲಿಯವರೆಗೆ ಬಾಡಿಗೆಯ ಒಂದು ಖೋಲಿಯಲ್ಲಿ ಸಂಸಾರ ಮಾಡಿದವನಿಗೆ 590 ಎಂಬ ಅಂಕಿಯೇ ಅರಮನೆಯಂತೆ ಕೇಳಿಸಿತು. ಸಾಲದ ಅರ್ಜಿ ಬರೆಯುವುದು ನನ್ನದೇ ಕೆಲಸ, ಬರೆದುಕೊಂಡೆ. ಗೃಹಪ್ರವೇಶಕ್ಕೆ ಬಂದ ನನ್ನ ಭಾವ, ಕಟ್ಟಡದ ಕೆಲಸದಲ್ಲಿ ಸೂಪರ್‌ವೈಸರ್ ಆಗಿದ್ದವರು, ಸತ್ಯನಾರಾಯಣ ಪೂಜೆಯ ಪ್ರಸಾದ ತಿಂದು ಕೈತೊಳೆದು ಸುತ್ತಲೂ ಒಮ್ಮೆ ನೋಡಿದರು.

“ಎಷ್ಟು ಹೇಳಿದ್ದಾನೆ ಮಾರಾಯ?”

“ಐನೂರ ತೊಂಬತ್ತು ಭಾವ.”

ಅವರು ಏನೂ ಹೇಳಲಿಲ್ಲ. ಚೀಲದಿಂದ ಉಕ್ಕಿನ ಟೇಪು ತೆಗೆದು ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಹಾಲು 14 ಅಡಿಗೆ 10, ಅಂದರೆ 140. ಬೆಡ್‌ರೂಮು 11ಕ್ಕೆ 10, 110. ಅಡುಗೆಮನೆ 8ಕ್ಕೆ 7, 56. ಬಚ್ಚಲು 6ಕ್ಕೆ 4, 24. ಪಾಯಿಖಾನೆ 4ಕ್ಕೆ 3, 12. ಇವುಗಳ ನಡುವಿನ ಓಣಿಯಂಥ ಪ್ಯಾಸೇಜು 7ಕ್ಕೆ 3, 21. ಕೂಡಿಸಿದರೆ 363. ಬಾಲ್ಕನಿ 10 ಅಡಿ ಉದ್ದ 3 ಅಡಿ ಅಗಲ, 30. ಅದನ್ನೂ ಸೇರಿಸಿದರೆ 393. ಪೂಜೆಯ ಪಂಚಾಂಗದ ಹಿಂಬದಿಯಲ್ಲೇ ಲೆಕ್ಕ ಬರೆದು ಭಾವ ಪೆನ್ನು ಮುಚ್ಚಿದರು. “ಇನ್ನು 197 ಎಲ್ಲಿ ಭಾವ?” ಎಂದು ಕೇಳಿದೆ. ಅವರು ಮೆಟ್ಟಿಲ ಕಡೆ ಕೈ ತೋರಿಸಿದರು. ಆಮೇಲೆ ಛಾವಣಿಯ ಕಡೆ, ನೀರಿನ ಟಾಂಕಿಯ ಕಡೆ, ಕೊನೆಗೆ ಗೋಡೆಯನ್ನು ಒಮ್ಮೆ ತಟ್ಟಿದರು.

ಚದರಡಿಗೆ 700 ಎಂದು ಕೊಂಡ ಮನೆ, ಬಾಲ್ಕನಿ ಹಿಡಿದು ಲೆಕ್ಕ ಹಾಕಿದರೆ 1,051 ಬಿತ್ತು. ಕೋಣೆಗಳ ನೆಲಕ್ಕೆ ಮಾತ್ರ ಹಾಕಿದರೆ 1,138. ಮನೆ ಚೆನ್ನಾಗಿಯೇ ಇತ್ತು, ಮಕ್ಕಳು ಅಲ್ಲೇ ಬೆಳೆದರು, ಅದರ ಬಗ್ಗೆ ನನಗೆ ದೂರಿಲ್ಲ. ಸಾಲದ ಕಡತ ನೋಡುವವನೇ ಅಳೆಯದೆ ಸಹಿ ಹಾಕಿದನಲ್ಲ, ಅದೊಂದೇ ಇವತ್ತಿಗೂ ಮುಜುಗರ.

ಇನ್ನು ಮಾತುಗಳಿಗೆ ಬರೋಣ. ಒಳಗೋಡೆಯಿಂದ ಒಳಗೋಡೆಗೆ ಅಳೆದ ನೆಲಕ್ಕೆ ಕಾರ್ಪೆಟ್ ಎನ್ನುತ್ತಾರೆ, ಅಂದರೆ ಚಾಪೆ ಹಾಸಬಹುದಾದ ಜಾಗ. ಗೋಡೆಯ ದಪ್ಪವೂ ಸೇರಿದರೆ ಬಿಲ್ಟ್‌ಅಪ್. ಅದಕ್ಕೆ ಮೆಟ್ಟಿಲು, ಲಿಫ್ಟು, ಲಾಬಿ, ಪಂಪಿನ ಕೋಣೆ, ದೊಡ್ಡ ಟವರುಗಳಲ್ಲಿ ಕ್ಲಬ್‌ಹೌಸು, ವಾಚ್‌ಮನ್ನನ ಗೂಡು ಎಲ್ಲದರ ಪಾಲು ಹಂಚಿ ಸೇರಿಸಿದರೆ ಸೂಪರ್ ಬಿಲ್ಟ್‌ಅಪ್. ಈ ಕಡೆ ದಲಾಲರು ಅದನ್ನೇ ಸೇಲೇಬಲ್ ಎನ್ನುತ್ತಾರೆ. ಹೆಸರು ಚೆನ್ನಾಗಿದೆ, ಮಾರಬಹುದಾದದ್ದು. ಕಾರ್ಪೆಟ್ಟಿಗೂ ಸೇಲೇಬಲ್ಲಿಗೂ ನಡುವಿನ ಅಂತರಕ್ಕೆ ಲೋಡಿಂಗ್ ಎಂದು ಹೆಸರು. ಲಾರಿಗೆ ಹೇಳುವ ಮಾತನ್ನು ಮನೆಗೆ ಯಾರು ತಂದರೋ ಕಾಣೆ, ಆದರೆ ಅವರು ಒಳ್ಳೆಯ ಭಾಷಾಪ್ರಜ್ಞೆ ಇದ್ದವರು.

ಕಾಯ್ದೆ ಇರಲಿಲ್ಲವೇ ಎಂದರೆ ಇತ್ತು. ಮಹಾರಾಷ್ಟ್ರದಲ್ಲಿ ಎಲ್ಲರೂ ಮೋಫಾ ಎಂದು ಕರೆಯುವ ಓನರ್‌ಶಿಪ್ ಫ್ಲಾಟುಗಳ ಕಾಯ್ದೆ 1963ರದ್ದು. ಅದರ ಪ್ರಕಾರ ಫ್ಲಾಟು ಮಾರುವವನು ಕಾರ್ಪೆಟ್ ಎಷ್ಟೆಂದು ಹೇಳಬೇಕು, ಬಾಲ್ಕನಿ ಆ ಲೆಕ್ಕದೊಳಗೇ ಬರುತ್ತದೆ, ಆದರೆ ಬೇರೆಯಾಗಿ ತೋರಿಸಬೇಕು. ಕಾಗದದಲ್ಲಿ ಹೀಗೆ, ಬೀದಿಯಲ್ಲಿ ಹಾಗೆ. ಕರಾರುಪತ್ರದಲ್ಲಿ ಕಾರ್ಪೆಟ್ ಬರೆದು ಜಾಹೀರಾತಿನಲ್ಲಿ ಸೇಲೇಬಲ್ ಬರೆಯುವುದು ವರ್ಷಗಟ್ಟಲೆ ನಡೆಯಿತು. ಕರಾರಿನ ನಲವತ್ತು ಪುಟದಲ್ಲಿ ಆ ಸಾಲು ಹುಡುಕುವವರು ಯಾರು?

2016ರಲ್ಲಿ ರಿಯಲ್ ಎಸ್ಟೇಟ್ ವ್ಯವಹಾರಕ್ಕೆ ಕಡಿವಾಣ ಹಾಕುವ ಕೇಂದ್ರದ ರೇರಾ ಕಾಯ್ದೆ ಬಂತು. 2017ರ ಮೇ 1ರಿಂದ ಪೂರ್ತಿ ಜಾರಿಯಾಯಿತು, ಮಹಾರಾಷ್ಟ್ರದಲ್ಲಿ ಅದರ ಪ್ರಾಧಿಕಾರವಾದ ಮಹಾರೇರಾ ಕೆಲಸ ಶುರುಮಾಡಿತು. ಆ ಕಾಯ್ದೆ ಕಾರ್ಪೆಟ್ ಎಂಬ ಪದಕ್ಕೆ ದೇಶಕ್ಕೆಲ್ಲ ಒಂದೇ ಅರ್ಥ ಕೊಟ್ಟಿತು. ಹೊರಗೋಡೆ ಹಿಡಿಯಬಾರದು, ಪೈಪುಗಳು ಹೋಗುವ ಡಕ್ಟು ಹಿಡಿಯಬಾರದು, ನಿಮ್ಮೊಬ್ಬರದೇ ಆದ ಬಾಲ್ಕನಿ, ವೆರಾಂಡ, ತೆರೆದ ಟೆರೇಸನ್ನೂ ಹಿಡಿಯಬಾರದು. ಆದರೆ ಮನೆಯೊಳಗೆ ಕೋಣೆ ಕೋಣೆಯ ನಡುವಿನ ಅಡ್ಡಗೋಡೆ ನಿಂತಿರುವ ಜಾಗವನ್ನು ಹಿಡಿಯಬೇಕು.

ಇದನ್ನು ಮೊದಲು ಓದಿದಾಗ ನಾನು ಕನ್ನಡಕ ಒರೆಸಿಕೊಂಡೆ. ಅಡ್ಡಗೋಡೆಯ ಮೇಲೆ ಯಾವ ಪುಣ್ಯಾತ್ಮ ಚಾಪೆ ಹಾಸುತ್ತಾನೆ? ಆದರೆ ಕಾರಣ ಇಲ್ಲದಿಲ್ಲ. ಅಡ್ಡಗೋಡೆ ಇಂದು ಇಲ್ಲಿರುತ್ತದೆ, ನಾಳೆ ಮಾಲೀಕ ಅದನ್ನು ಸರಿಸಿಕೊಳ್ಳಬಹುದು, ನೆಲ ಅವನದೇ. ಬಾಲ್ಕನಿಯ ಮಾತು ಬೇರೆ. ಅದನ್ನು ಕಾರ್ಪೆಟ್ಟಿನೊಳಗೆ ಬಿಟ್ಟರೆ ಸಣ್ಣ ಕೋಣೆಗೆ ದೊಡ್ಡ ಬಾಲ್ಕನಿ ಅಂಟಿಸಿ ಅಂಕಿ ಉಬ್ಬಿಸುವುದು ಸುಲಭ.

ಹಾಗಾದರೆ ನನ್ನ ಡೊಂಬಿವಲಿಯ ಮನೆಯನ್ನೇ ಮತ್ತೆ ತೆಗೆದುಕೊಳ್ಳಿ. ಒಳಗಿನ ಅಡ್ಡಗೋಡೆಗಳ ಒಟ್ಟು ಉದ್ದ 48 ಅಡಿ, ಗಿಲಾವು ಸೇರಿ ದಪ್ಪ 5 ಇಂಚು. ಅಂದರೆ 20 ಚದರಡಿ. ದಲಾಲನ ಬಾಯಲ್ಲಿ ಮನೆ 590. ಮೋಫಾದಲ್ಲಿ 393. ರೇರಾದಲ್ಲಿ 363ಕ್ಕೆ ಗೋಡೆಯ 20 ಸೇರಿ 383, ಬಾಲ್ಕನಿಯ 30 ಬೇರೆ ಸಾಲಿನಲ್ಲಿ. ಭಾವನ ಟೇಪಿನಲ್ಲಿ 363. ಇಷ್ಟಕ್ಕೇ ಮುಗಿಯಲಿಲ್ಲ. ಭಾರತೀಯ ಮಾನಕ ಸಂಸ್ಥೆಯ ಐಎಸ್ 3861 ಎಂಬ ಅಳತೆಯ ಮಾನಕವಿದೆ. ಅದರ ಕಾರ್ಪೆಟ್ಟಿನಲ್ಲಿ ಬಚ್ಚಲು ಪಾಯಿಖಾನೆ ಇಲ್ಲ, ಪ್ಯಾಸೇಜು ಇಲ್ಲ, ಅಡುಗೆಮನೆಯೂ ಇಲ್ಲ! ಆ ಲೆಕ್ಕಕ್ಕೆ ನನ್ನ ಮನೆ ಹಾಲು ಮತ್ತು ಬೆಡ್‌ರೂಮು ಮಾತ್ರ, 250. ಅದೇ ಇಟ್ಟಿಗೆ, ಅದೇ ನೆಲ, ಐದು ಅಂಕಿ. ಯಾವುದೂ ಸುಳ್ಳಲ್ಲ. ಅದಕ್ಕೇ ನಾನು ಹೇಳುವುದು, ಎಷ್ಟು ಚದರಡಿ ಎಂದು ಕೇಳಿ ಸುಮ್ಮನಾಗಬೇಡಿ. ಏನೇನನ್ನು ಬಿಟ್ಟು ಇಷ್ಟು ಎಂದು ಕೇಳಿ.

ನಮ್ಮೂರಲ್ಲಿ ಬಾವಿಯ ಆಳವನ್ನು ಇವತ್ತಿಗೂ ಕೋಲಿನ ಲೆಕ್ಕದಲ್ಲಿ ಹೇಳುತ್ತಾರೆ. ಬೆಂಗಳೂರು, ಮೈಸೂರಿನ ನೆಂಟರು “ಹನ್ನೆರಡು ಚದರದ ಮನೆ” ಎನ್ನುತ್ತಾರೆ, ನೂರು ಚದರಡಿಗೆ ಒಂದು ಚದರ. ಅವರು ಅಳೆಯುವುದು ಗೋಡೆ ಸೇರಿಸಿ, ಏಕೆಂದರೆ ಸೈಟು ಅವರದು, ಮನೆ ಅವರದು, ಕಟ್ಟುವ ಮೇಸ್ತ್ರಿಗೆ ಕೊಡುವುದೂ ಆ ಲೆಕ್ಕಕ್ಕೇ. ಮೂವತ್ತು ನಲವತ್ತರ ಸೈಟಿನ ತಲೆ ಹೊತ್ತುಕೊಂಡು ಕಲ್ಯಾಣಕ್ಕೆ ಬಂದು ಫ್ಲಾಟು ನೋಡಿದವರು ಎಡವುವುದು ಇಲ್ಲೇ. ಇಲ್ಲಿಂದ ಬೆಂಗಳೂರಿಗೆ ಹೋಗಿ ಮಕ್ಕಳಿಗಾಗಿ ಫ್ಲಾಟು ನೋಡುವವರು ಬೇರೆ ಕಡೆ ಎಡವುತ್ತಾರೆ. ಅಲ್ಲಿ ಭೂಮಿಯ ಅವಿಭಾಜ್ಯ ಪಾಲು ಎಷ್ಟು ಎಂಬುದು ಕ್ರಯಪತ್ರದಲ್ಲಿ ಬರುವ ದೊಡ್ಡ ಪ್ರಶ್ನೆ. ಇಲ್ಲಿ ಹೆಚ್ಚಾಗಿ ಭೂಮಿ ಸೊಸೈಟಿಯ ಹೆಸರಿಗೆ ಬರುತ್ತದೆ, ಹಾಗಾಗಿ ಆ ಪ್ರಶ್ನೆ ನಮ್ಮ ಬಾಯಿಗೇ ಬರುವುದಿಲ್ಲ.

ಲೋಡಿಂಗ್ ಲೆಕ್ಕದಲ್ಲಿ ಒಂದು ಕಣ್ಣುಕಟ್ಟು ಇದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ದಲಾಲ “ನಲವತ್ತು ಪರ್ಸೆಂಟ್ ಲೋಡಿಂಗ್” ಎನ್ನುತ್ತಾನೆ. ಕಾರ್ಪೆಟ್ 400 ಎಂದುಕೊಳ್ಳಿ. ಅದರ ಮೇಲೆ ಶೇಕಡಾ 40 ಸೇರಿಸಿದರೆ 560. ಆದರೆ ಅವನ ಮನಸ್ಸಿನಲ್ಲಿರುವುದು ಸೇಲೇಬಲ್ಲಿನಿಂದ ಶೇಕಡಾ 40 ಕಳೆದರೆ ಕಾರ್ಪೆಟ್ ಎಂಬ ಲೆಕ್ಕವಾದರೆ? ಆಗ ಸೇಲೇಬಲ್ 667. ಒಂದೇ ಮಾತು, 107 ಚದರಡಿಯ ವ್ಯತ್ಯಾಸ. ನಮ್ಮ ಶಾಖೆಗೆ ಬರುತ್ತಿದ್ದ ಗ್ರಾಹಕರಿಗೆ ನಾನು ಇದನ್ನು ಚೀಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಒಬ್ಬ ಮೇಷ್ಟ್ರು, ಗಣಿತದ ಮೇಷ್ಟ್ರೇ, ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಎಂಟನೇ ಕ್ಲಾಸಿಗೆ ನಾನೇ ಕಲಿಸೋ ಪಾಠ ಸಾರ್ ಇದು” ಎಂದು ನಕ್ಕರು. ಅವರೂ ಹಿಂದಿನ ದಿನವೇ ಟೋಕನ್ ಕೊಟ್ಟು ಬಂದಿದ್ದರು.

ಎರಡು ಮನೆ ಹೋಲಿಸುವಾಗ ದರಗಳನ್ನು ಒಂದೇ ಅಳತೆಗೆ ಇಳಿಸಿಕೊಳ್ಳದಿದ್ದರೆ ಕೆಟ್ಟೆವು. ಕಲ್ಯಾಣದ ಖಡಕ್‌ಪಾಡಾದಲ್ಲಿ ಒಂದು ಮನೆ, ಚದರಡಿಗೆ 7,000, ಸೇಲೇಬಲ್ 620 ಎನ್ನೋಣ. ಒಟ್ಟು 43 ಲಕ್ಷ 40 ಸಾವಿರ. ಪಕ್ಕದ ಓಣಿಯಲ್ಲಿ ಇನ್ನೊಬ್ಬರು ಕಾರ್ಪೆಟ್ಟಿಗೆ 9,900 ಕೇಳುತ್ತಾರೆ, ಕಾರ್ಪೆಟ್ 430. ಒಟ್ಟು 42 ಲಕ್ಷ 57 ಸಾವಿರ. ಮೊದಲನೆಯದು ಅಗ್ಗವೆಂದು ಕಾಲು ಅತ್ತ ಹೋಗುತ್ತದೆ. ಆದರೆ ಆ 620ರ ಕಾರ್ಪೆಟ್ 400 ಆಗಿದ್ದರೆ, ಅದರ ನಿಜವಾದ ದರ 10,850. ಹೆಚ್ಚು ದುಡ್ಡು ಕೊಟ್ಟು 30 ಚದರಡಿ ಕಡಿಮೆ ಜಾಗ. ಈ ಅಂಕಿಗಳು ಉದಾಹರಣೆಗೆ ನಾನೇ ಕಟ್ಟಿದವು, ಆದರೆ ಇಂಥದ್ದೇ ಜೋಡಿಯನ್ನು ಹಿಡಿದುಕೊಂಡು ಬಂದು ಕೌಂಟರಿನ ಮುಂದೆ ನಿಂತವರು ಎಷ್ಟೋ ಮಂದಿ.

ಇನ್ನೊಂದು ಮೀಟರಿನ ಮಾತು. ಕರಾರುಪತ್ರದಲ್ಲಿ ಚದರ ಮೀಟರ್ ಇರುತ್ತದೆ, ನಮ್ಮ ತಲೆಯಲ್ಲಿ ಚದರಡಿ. ಒಂದು ಚದರ ಮೀಟರಿಗೆ 10.764 ಚದರಡಿ. ನಾವು ಚಿಕ್ಕವರಿದ್ದಾಗ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹತ್ತೂಮುಕ್ಕಾಲಿನಿಂದ ಗುಣಿಸಿದರೆ ಸಾಕಷ್ಟು ಹತ್ತಿರ ಬರುತ್ತೀರಿ. ಕರಾರಿನಲ್ಲಿ 36.5 ಚದರ ಮೀಟರ್ ಎಂದಿದ್ದರೆ ಸುಮಾರು 393 ಚದರಡಿ. ಪಕ್ಕದಲ್ಲಿ ಬಾಲ್ಕನಿಗೆ ಬೇರೆ ಸಾಲು ಇದೆಯೇ ನೋಡಿ. ಇಲ್ಲವೆಂದರೆ ಅದು ಎಲ್ಲಿ ಸೇರಿದೆ ಎಂದು ಕೇಳುವ ಹಕ್ಕು ನಿಮಗಿದೆ.

ಈ ಅಂಕಿ ಬರಿಯ ಜಂಬಕ್ಕಲ್ಲ, ತೆರಿಗೆಗೂ ಇದೇ ಆಧಾರ. 2019ರ ಏಪ್ರಿಲ್‌ನಿಂದ ಕಟ್ಟುತ್ತಿರುವ ಮನೆಗೆ ಜಿಎಸ್‌ಟಿ ಶೇಕಡಾ 5, ಕೈಗೆಟುಕುವ ದರದ ಮನೆಗೆ ಶೇಕಡಾ 1. ಮುಂಬಯಿ ಮಹಾನಗರ ಪ್ರದೇಶದಲ್ಲಿ, ಅಂದರೆ ನಮ್ಮ ಠಾಣೆ, ಕಲ್ಯಾಣ, ನವಿ ಮುಂಬಯಿ ಸೇರಿದಂತೆ, ಆ ಶೇಕಡಾ 1 ಸಿಗಬೇಕಾದರೆ ಕಾರ್ಪೆಟ್ 60 ಚದರ ಮೀಟರಿನೊಳಗೂ ಬೆಲೆ 45 ಲಕ್ಷದೊಳಗೂ ಇರಬೇಕು. 60 ಚದರ ಮೀಟರ್ ಎಂದರೆ 645 ಚದರಡಿ, ಚಿಲ್ಲರೆ. ಒಂದೆರಡು ಚದರ ಮೀಟರು ಆಚೆ ಹೋದರೆ 44 ಲಕ್ಷದ ಮನೆಗೆ 1 ಲಕ್ಷ 76 ಸಾವಿರ ಹೆಚ್ಚು ತೆರಿಗೆ. ವಾಸದ ಸರ್ಟಿಫಿಕೇಟ್, ಅಂದರೆ ಓಸಿ, ಬಂದ ಮೇಲೆ ಮಾರುವ ಮನೆಗೆ ಜಿಎಸ್‌ಟಿಯೇ ಇಲ್ಲ.

ಕಟ್ಟಿ ಮುಗಿಸುವಾಗ ಅಳತೆ ಹೆಚ್ಚುಕಡಿಮೆ ಆದರೆ? ಮಹಾರಾಷ್ಟ್ರದ ಮಾದರಿ ಕರಾರಿನಲ್ಲಿ ಶೇಕಡಾ 3ರ ಮಿತಿ ಹಾಕಿದ್ದಾರೆ. ಆ ಮಿತಿಯೊಳಗೆ ಕಡಿಮೆಯಾದರೂ ಬಿಲ್ಡರ್ ಹೆಚ್ಚುವರಿ ಹಣವನ್ನು 45 ದಿನದೊಳಗೆ ಬಡ್ಡಿ ಸಮೇತ ಹಿಂದಿರುಗಿಸಬೇಕು. ಆದರೆ ಕಡಿಮೆಯಾಗಿದೆ ಎಂದು ತಿಳಿಯಬೇಕಾದರೆ ಯಾರಾದರೂ ಅಳೆಯಬೇಕಲ್ಲ? ಕೀ ಕೈಗೆ ಬಂದ ದಿನ ನಾವು ಮಾಡುವುದು ಕುಂಬಳಕಾಯಿ ಒಡೆಯುವುದು, ಹಾಲು ಉಕ್ಕಿಸುವುದು. ಟೇಪು ಹಿಡಿಯುವುದಿಲ್ಲ. ಇನ್ನೊಂದು, ಕರಾರು ನೋಂದಣಿ ಆಗುವ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂದು ರೇರಾ ಹೇಳುತ್ತದೆ. ಆ ಗೆರೆ ದಾಟಿ ಚೆಕ್ಕು ಕೊಟ್ಟುಬಿಟ್ಟರೆ ಆಮೇಲೆ ಅಳತೆ ಕೇಳುವ ದನಿ ತಾನೇ ತಗ್ಗುತ್ತದೆ.

ಪಾರ್ಕಿಂಗಿನ ಸುದ್ದಿ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ದಹಿಸರದ ಒಂದು ಸೊಸೈಟಿಯ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು, ಕಟ್ಟಡದ ಕೆಳಗಿನ ಕಂಬಗಳ ನಡುವಿನ ಸ್ಟಿಲ್ಟ್ ಜಾಗವನ್ನು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ, ಅದು ಎಲ್ಲರದು ಎಂದಿತು. ಆದರೂ ಲೋಡಿಂಗಿನಲ್ಲಿ ಒಮ್ಮೆ, ಪಾರ್ಕಿಂಗ್ ಚಾರ್ಜ್ ಎಂದು ಇನ್ನೊಮ್ಮೆ ಅದೇ ನೆಲಕ್ಕೆ ದುಡ್ಡು ಕೊಟ್ಟ ಕಡತಗಳನ್ನು ನಾನು ನೋಡಿದ್ದೇನೆ.

ಈಗ ನೆಲ ಎಷ್ಟು ಎಂಬುದಕ್ಕಿಂತ ಬಳಕೆಗೆ ಎಷ್ಟು ಎಂಬ ಮಾತು. ನನ್ನ 140 ಚದರಡಿಯ ಹಾಲಿಗೆ ನಾಲ್ಕು ಬಾಗಿಲು. ಹೊರಬಾಗಿಲು, ಅಡುಗೆಮನೆಗೆ ಒಂದು, ಪ್ಯಾಸೇಜಿಗೆ ಒಂದು, ಬಾಲ್ಕನಿಗೆ ಒಂದು. ನಾಲ್ಕು ಗೋಡೆಗೆ ನಾಲ್ಕು ಬಾಗಿಲಾದರೆ ಒರಗಿಸಲು ಗೋಡೆ ಎಲ್ಲಿ? ಮದುವೆಯಲ್ಲಿ ಬಂದ ಮೂರಡಿ ಅಗಲದ ಗೋದ್ರೆಜ್ ಕಪಾಟು ಮೊದಲು ಕಿಟಕಿಗೆ ಅಡ್ಡ ನಿಂತಿತು, ಆಮೇಲೆ ಬೆಡ್‌ರೂಮಿಗೆ ಹೋಯಿತು, ಅಲ್ಲಿ ಮೂಲೆಯಲ್ಲಿ ಒಂಬತ್ತು ಇಂಚು ಮುಂದೆ ಚಾಚಿದ ಕಂಬಕ್ಕೆ ತಾಗಿ ಅದರ ಒಂದು ಬಾಗಿಲು ತೆರೆಯುತ್ತಿರಲಿಲ್ಲ. ಕೊನೆಗೆ ಪ್ಯಾಸೇಜಿನ ಬಾಯಲ್ಲಿ ನಿಂತಿತು. ಹದಿನೆಂಟು ವರ್ಷ ನಾವು ಬಚ್ಚಲಿಗೆ ಅಡ್ಡವಾಗಿ ನಡೆದು ಹೋದೆವು. ಊರಿಂದ ದಪ್ಪಗಿನ ಚಿಕ್ಕಮ್ಮ ಬಂದಾಗ ಕಪಾಟನ್ನು ಸರಿಸಬೇಕಾಗುತ್ತಿತ್ತು. 140 ಚದರಡಿ ಕಾಗದದಲ್ಲಿ ಪೂರ್ತಿ ಇತ್ತು.

ಅದಕ್ಕೇ ನಕ್ಷೆ ನೋಡುವಾಗ ಸಾಮಾನುಗಳ ಅಳತೆ ಜೇಬಿನಲ್ಲಿರಲಿ. ನಿಮ್ಮ ಮಂಚ ಎಷ್ಟುದ್ದ, ಫ್ರಿಜ್ಜಿನ ಬಾಗಿಲು ಯಾವ ಕಡೆ ತೆರೆಯುತ್ತದೆ, ಗ್ರೈಂಡರ್ ಎಲ್ಲಿ ಕೂರುತ್ತದೆ, ರಜೆಯಲ್ಲಿ ಊರಿಂದ ಬಂದ ಆರು ಜನ ಹಾಲಿನಲ್ಲಿ ಅಡ್ಡ ಮಲಗಿದರೆ ರಾತ್ರಿ ನೀರಿಗೆ ಎದ್ದವರು ಯಾರ ಕಾಲು ತುಳಿಯುತ್ತಾರೆ. ಘೋಡ್‌ಬಂದರ್ ರಸ್ತೆಯ ಹೊಸ ಟವರುಗಳಲ್ಲಿ ಮೈವಾನ್ ಎಂಬ ಅಲ್ಯುಮಿನಿಯಂ ಅಚ್ಚಿನಿಂದ ಗೋಡೆಗಳನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ಯುತ್ತಾರೆ. ಗೋಡೆ ತೆಳ್ಳಗೆ, ಕಂಬ ಮುಂದೆ ಚಾಚುವುದಿಲ್ಲ, ಮೂಲೆಗಳು ನೇರ. ಬಳಕೆಗೆ ಒಳ್ಳೆಯದೇ. ಆದರೆ ಆ ಗೋಡೆಯೇ ಕಟ್ಟಡದ ಭಾರ ಹೊತ್ತಿರುವುದರಿಂದ ಮುಂದೆ ಎರಡು ಕೋಣೆ ಒಂದು ಮಾಡುವ ಆಸೆ ಬಿಡಬೇಕು. ರೇರಾ ಅಡ್ಡಗೋಡೆಯ ಜಾಗವನ್ನು ನಿಮ್ಮದೆನ್ನಲು ಮಾಲೀಕ ಅದನ್ನು ಸರಿಸಬಹುದು ಎಂಬುದೇ ಕಾರಣ ಎಂದೆನಲ್ಲ, ಇಲ್ಲಿ ಆ ವಾದ ನಿಲ್ಲುವುದಿಲ್ಲ.

ನವಿ ಮುಂಬಯಿಯ ಬಗ್ಗೆ ಹೇಳದಿದ್ದರೆ ವಾಶಿ, ನೆರೂಲ್‌ನಿಂದ ಬಂದವರು ಬಿಡುವುದಿಲ್ಲ. 1970ರಲ್ಲಿ ಹುಟ್ಟಿದ ಸರ್ಕಾರಿ ನಿಗಮ ಸಿಡ್ಕೋ ಅಲ್ಲಿ ಊರನ್ನೇ ಕಟ್ಟಿತು. ಸಿಡ್ಕೋ ಲಾಟರಿಯ ಮನೆಗಳ ಒಂದು ಗುಣವೆಂದರೆ ಅಂಕಿ ಮುಚ್ಚುಮರೆಯಿಲ್ಲದೆ ಸಣ್ಣದಿರುತ್ತದೆ. 2018ರ ದೊಡ್ಡ ಯೋಜನೆಯಲ್ಲಿ ತಳೋಜಾ, ಖಾರ್ಘರ್, ಘನ್ಸೋಲಿ ಕಡೆಗಳಲ್ಲಿ ಆರ್ಥಿಕವಾಗಿ ದುರ್ಬಲರಿಗೆ 25.81 ಚದರ ಮೀಟರ್, ಅಲ್ಪ ಆದಾಯದವರಿಗೆ 29.82 ಚದರ ಮೀಟರ್ ಕಾರ್ಪೆಟ್. ಅಂದರೆ ಸುಮಾರು 278 ಮತ್ತು 321 ಚದರಡಿ. ಎದೆಯುಬ್ಬಿಸುವಂಥ ಅಂಕಿಯಲ್ಲ, ಆದರೆ ಹೇಳಿದಷ್ಟು ಇದೆ.

ಅದೇ ನವಿ ಮುಂಬಯಿಯ ಬೇಲಾಪುರದಲ್ಲಿ ಇನ್ನೊಂದು ಪ್ರಯೋಗ ನಡೆಯಿತು, ಅಳತೆಯ ಮಾತಾಡುವವರು ಒಮ್ಮೆ ಹೋಗಿ ನೋಡಬೇಕಾದದ್ದು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರೆಯಾ 1983ರಿಂದ 86ರ ಹೊತ್ತಿಗೆ ಅಲ್ಲಿ ಕಟ್ಟಿಸಿದ ಮನೆಗಳು, ಈಗ ಆರ್ಟಿಸ್ಟ್ಸ್ ವಿಲೇಜ್ ಎಂದು ಹೆಸರು. 45ರಿಂದ 75 ಚದರ ಮೀಟರಿನ ಪುಟ್ಟ ನಿವೇಶನಗಳು, ಏಳು ಮನೆಗೆ ಒಂದು ಅಂಗಳ, ಎಂಟು ಮೀಟರಿಗೆ ಎಂಟು ಮೀಟರು. ಪ್ರತಿ ಮನೆಗೂ ತನ್ನದೇ ತೆರೆದ ಜಾಗ. ನಮ್ಮ ಹವೆಯಲ್ಲಿ ವರ್ಷದ ಬಹುಪಾಲು ಆಕಾಶದ ಕೆಳಗೆ ಕೂತು ಕೆಲಸ ಮಾಡಬಹುದು, ಹಾಗಾಗಿ ತೆರೆದ ಜಾಗಕ್ಕೂ ಬಳಕೆಯ ಬೆಲೆ ಇದೆ ಎಂಬುದು ಕೊರೆಯಾ ಜೀವನವಿಡೀ ಹೇಳುತ್ತಿದ್ದ ಮಾತು. ಇದನ್ನು ಓದಿದಾಗ ನನಗೆ ಹೊಸತೇನೂ ಅನ್ನಿಸಲಿಲ್ಲ. ಅಡಿಕೆ ಒಣಗಿಸಿದ್ದು, ಹಪ್ಪಳ ಹರಡಿದ್ದು, ಯಕ್ಷಗಾನ ನೋಡಿದ್ದು, ಮದುವೆಯ ಚಪ್ಪರ ಹಾಕಿದ್ದು ಎಲ್ಲ ಅಂಗಳದಲ್ಲೇ ಅಲ್ಲವೇ. ಯಾವ ಕಾರ್ಪೆಟ್ಟಿನಲ್ಲೂ ಅಂಗಳ ಬರುವುದಿಲ್ಲ. ಹಾಗೆಂದು ರೇರಾ ಬಾಲ್ಕನಿಯನ್ನು ಹೊರಗಿಟ್ಟದ್ದು ತಪ್ಪು ಎನ್ನುವುದಿಲ್ಲ. ಬೇರೆಯಾಗಿ ಎಣಿಸುವುದೇ ಸರಿ. ಆದರೆ ಬಾಲ್ಕನಿಗೆ ಗ್ರಿಲ್ಲು, ಗಾಜು ಹಾಕಿ ಮುಚ್ಚಿ ಅದನ್ನು ಕೋಣೆ ಎಂದು ಮಾರುವವರನ್ನು ಕಂಡರೆ, ಫ್ಲವರ್‌ಬೆಡ್ಡಿನ ಮಣ್ಣು ತೆಗೆದು ಟೈಲ್ಸು ಹಾಕಿ “ಎಕ್ಸ್‌ಟ್ರಾ ಸ್ಪೇಸ್” ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪಾಲಿಕೆಯ ಮಂಜೂರಾದ ನಕ್ಷೆಯಲ್ಲಿ ಇಲ್ಲದ ಜಾಗಕ್ಕೆ ದುಡ್ಡು ಕೊಟ್ಟರೆ, ನಾಳೆ ನೋಟಿಸು ಬಂದಾಗ ಉತ್ತರ ಕೊಡಬೇಕಾದವರು ಕೊಂಡವರು.

ಮಂಜೂರಾತಿ ಎಂದಾಗ ಡೊಂಬಿವಲಿಯವರಿಗೆ 65 ಕಟ್ಟಡಗಳ ನೆನಪು ಬಂದೇ ಬರುತ್ತದೆ. ಕಲ್ಯಾಣ-ಡೊಂಬಿವಲಿ ಪಾಲಿಕೆಯ ಅನುಮತಿಯನ್ನು ನಕಲಿ ಮಾಡಿ, ಆ ಕಾಗದ ತೋರಿಸಿ ಮಹಾರೇರಾ ನಂಬರು ಪಡೆದ ಕಟ್ಟಡಗಳವು. 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟು ಅವುಗಳನ್ನು ಕೆಡವಲು ಹೇಳಿತು. ಅಲ್ಲಿ ಮನೆ ಕೊಂಡವರು ಮಾಡಿದ್ದು ನಾವೆಲ್ಲ ಮಾಡುವುದನ್ನೇ, ರೇರಾ ನಂಬರು ಇದೆಯೇ ಎಂದು ನೋಡಿದರು, ಬ್ಯಾಂಕು ಸಾಲ ಕೊಡುತ್ತದೆಯೇ ಎಂದು ನೋಡಿದರು. ನಂಬರಿನ ಹಿಂದಿನ ಕಾಗದವನ್ನು ಪಾಲಿಕೆಯ ನಗರರಚನಾ ವಿಭಾಗದಲ್ಲಿ ತಾಳೆ ನೋಡಬೇಕಿತ್ತು ಎಂದು ಇವತ್ತು ಹೇಳುವುದು ಸುಲಭ. ಅಂಥ ಕಟ್ಟಡದಲ್ಲಿ ಕಾರ್ಪೆಟ್ ಲೆಕ್ಕ ಎಷ್ಟು ಸರಿ ಇದ್ದರೇನು.

ಕಡೆಯದಾಗಿ ರೀಡೆವಲಪ್‌ಮೆಂಟ್. ಈ ಸಭೆಯಲ್ಲಿ ಕನಿಷ್ಠ ಹತ್ತು ಜನರ ಸೊಸೈಟಿಯಲ್ಲಿ ಇದರ ಮಾತು ನಡೆದಿದೆ, ನನ್ನದೂ ಸೇರಿ. ನಮ್ಮ ಕಟ್ಟಡಕ್ಕೆ ಬಂದ ಆಹ್ವಾನಪತ್ರದಲ್ಲಿ “ಈಗಿನ ಕಾರ್ಪೆಟ್ಟಿಗಿಂತ ಶೇಕಡಾ 25 ಹೆಚ್ಚು” ಎಂದಿತ್ತು. ಸಭೆಯಲ್ಲಿ ಚಪ್ಪಾಳೆ. ನಾನು ಕೈ ಎತ್ತಿ, “ಈಗಿನ ಕಾರ್ಪೆಟ್ ಯಾವುದು?” ಎಂದೆ. ಬಾಲ್ಕನಿ ಬಿಟ್ಟು 363 ಹಿಡಿದರೆ ಹೊಸ ಮನೆ 454. ಬಾಲ್ಕನಿ ಸೇರಿಸಿ 393 ಹಿಡಿದರೆ 491. ನಡುವೆ 37 ಚದರಡಿ, ಒಂದು ಸಣ್ಣ ಅಡುಗೆಮನೆ. ಮತ್ತೆ ಕೊಡುವ ಹೊಸ 491 ರೇರಾ ಕಾರ್ಪೆಟ್ಟೋ? ಹಾಗಿದ್ದರೆ ಅದರಲ್ಲಿ ಹೊಸ ಅಡ್ಡಗೋಡೆಯ ಜಾಗ ಕೂತಿದೆ, ಹಳೆಯ ಲೆಕ್ಕದಲ್ಲಿ ಅದು ಇರಲಿಲ್ಲ. ಹೊಸ ಬಾಲ್ಕನಿ ಅದರೊಳಗೋ, ಹೊರಗೋ? ಅಳೆಯುವವರು ಬಿಲ್ಡರಿನ ಆರ್ಕಿಟೆಕ್ಟೋ, ನಮ್ಮವರೋ? ಇಷ್ಟು ಕೇಳುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು, “ಕಾಕಾ, ಬಸ್ ಝಾಲಂ” ಎಂದರು. ಸಾಕು ಎಂದು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಮಳೆಗಾಲದಲ್ಲಿ ಅವರ ಮನೆಯೇ ಮೊದಲು ಸೋರುವುದು. ಆದರೂ ಮುಂದಿನ ಸಭೆಗೆ ಮೊದಲು ಪ್ರತಿ ಮನೆಯನ್ನೂ ಅಳೆದು, ಕೋಣೆ, ಅಡ್ಡಗೋಡೆ, ಬಾಲ್ಕನಿ ಮೂರನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆದು, ಮನೆಯವರ ಸಹಿ ಹಾಕಿಸುವುದು ಎಂದು ಠರಾವಾಯಿತು. 24 ಮನೆ. ಅಳೆಯುವ ಕೆಲಸ ನನ್ನ ತಲೆಗೇ ಬಂತು, ನ್ಯಾಯವೇ.

ಹನ್ನೊಂದು ಮನೆ ಆಗಿದೆ. ಒಂದೇ ನಕ್ಷೆಯ ಮನೆಗಳು, ಆದರೂ ಎರಡು ಮನೆ ಒಂದೇ ಅಳತೆ ಬಂದಿಲ್ಲ. ಮೂರನೇ ಮಹಡಿಯ ಒಂದು ಮನೆಯಲ್ಲಿ ಬೆಡ್‌ರೂಮು ನನ್ನದಕ್ಕಿಂತ ನಾಲ್ಕು ಇಂಚು ಅಗಲ. ಮೂವತ್ತು ವರ್ಷದಿಂದ ಪಕ್ಕದ ಮನೆಯವರಾದರೂ ಅವರು ಆ ಮಾತು ಎಂದೂ ಬಿಟ್ಟುಕೊಟ್ಟಿರಲಿಲ್ಲ.

ಅಳೆಯುವುದು ಭಾವನ ಆ ಹಳೆಯ ಟೇಪಿನಿಂದಲೇ. ಅವರು ಈಗಿಲ್ಲ, ಟೇಪು ಅಕ್ಕ ನನಗೆ ಕೊಟ್ಟಳು. ಈ ಸಭೆಯಲ್ಲಿ ಯಾರಿಗಾದರೂ ಬೇಕಿದ್ದರೆ ಭಾನುವಾರಗಳಲ್ಲಿ ಬಂದು ಒಯ್ಯಬಹುದು, ಹಿಂದೆ ತಂದುಕೊಡಬೇಕು ಅಷ್ಟೆ. ಅದರ ಮೊದಲ ಮೂರು ಇಂಚಿನ ಗೆರೆ ಅಳಿಸಿಹೋಗಿದೆ, ತುದಿಯ ಕೊಕ್ಕೆಯೂ ಸ್ವಲ್ಪ ಬಾಗಿದೆ. ಒಂದಡಿಯ ಗೆರೆಯನ್ನು ಗೋಡೆಗೆ ಹಿಡಿದು ಅಳೆದು, ಕೊನೆಯಲ್ಲಿ ಮರೆಯದೆ ಒಂದಡಿ ಕಳೆಯಬೇಕು.